ಬೆಟ್ಟ ನೂಕಿದ ಹಡಗು

ಮುಳುಗಿದ ಹಡಗು ನೋಡಬೇಕು ಅಂತ ಅಷ್ಟು ದೂರ ಹೋಗಿ, ಸಮುದ್ರಕ್ಕಿಳಿದು, ಆ ಹಡಗಿನ ಸುತ್ತಲೇ 28 ನಿಮಿಷ ಈಜಾಡಿ, ಕೊನೆಗೆ ಹಡಗು ನೋಡದೆಯೇ ಮೇಲೆ ಬಂದವನು ನಾನು. ದಡದಲ್ಲಿ ಮಾಸ್ಕ್ ತೆಗೆದಾಗ ಯಾರೋ "ಹೇಗಿತ್ತು?" ಅಂದರು. "ಸೂಪರ್" ಅಂದೆ. ಏನೇನು ಕಂಡಿರಿ ಅಂತ ಕೇಳಿದ್ದರೆ ಸಿಕ್ಕಿಬೀಳುತ್ತಿದ್ದೆ. ನನಗೆ ಕಂಡಿದ್ದು ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ತೋರಿಸುವ ಗೇಜ್, ಗೈಡ್ ಅವರ ಕಾಲಿನ ಹಳದಿ ಫಿನ್, ಆಮೇಲೆ ಯಾವುದೋ ಒಂದು ಕಪ್ಪು ಗೋಡೆ. ಆ ಗೋಡೆಯೇ ಹಡಗು ಅಂತ ಗೊತ್ತಾಗಿದ್ದು ಮಾರನೇ ದಿನ.

ಜಾಗದ ಹೆಸರು ತುಲಂಬೆನ್. ಇಂಡೋನೇಷ್ಯಾದ ಬಾಲಿ ದ್ವೀಪದ ಈಶಾನ್ಯ ದಡದಲ್ಲಿದೆ. ಹೊಸಬರಿಗೆ ಮುಳುಗಿದ ಹಡಗು ನೋಡೋಕೆ ಇದಕ್ಕಿಂತ ಸುಲಭದ ಜಾಗ ಸಿಗುವುದು ಕಷ್ಟ ಅಂತಾರೆ. ದೋಣಿ ಬೇಡ. ದಡದಿಂದ ನಡೆದುಕೊಂಡೇ ನೀರಿಗಿಳಿದು ಸ್ವಲ್ಪ ಈಜಿದರೆ ಹಡಗು. ಅದರ ಮೇಲ್ಭಾಗ ಸುಮಾರು 5 ಮೀಟರ್ ಆಳಕ್ಕೇ ಶುರುವಾಗುತ್ತದೆ, ಕೆಳಭಾಗ 30 ಮೀಟರ್ ಹತ್ತಿರ ಹೋಗುತ್ತದೆ. ಉದ್ದ 120 ಮೀಟರ್‌ಗೂ ಜಾಸ್ತಿ. ನನ್ನಂಥ ಹೊಸ ಡೈವಿಂಗ್ ಸರ್ಟಿಫಿಕೇಟಿನವರಿಗೆ 18 ಮೀಟರ್‌ವರೆಗೆ ಮಾತ್ರ ಅನುಮತಿ, ಹಾಗಾಗಿ ಈ ಹಡಗು ಪೂರ್ತಿ ನನ್ನದಾಗುವ ಮಾತೇ ಇರಲಿಲ್ಲ.

ಇದರ ಕಥೆ ಸ್ವಲ್ಪ ಹೇಳಲೇಬೇಕು. ಮುಳುಗಿದ ರೀತಿಯೇ ಬೇರೆ ಇದರದ್ದು.

ಹೆಸರು ಲಿಬರ್ಟಿ. ಅಮೆರಿಕದ ಸೇನೆಯ ಸರಕು ಹಡಗು, ಕಟ್ಟಿದ್ದು 1918ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಸಾಲುಸಾಲಾಗಿ ಕಟ್ಟಿದ 'ಲಿಬರ್ಟಿ ಶಿಪ್'ಗಳ ಜೊತೆ ಇದನ್ನು ಸೇರಿಸಿ ಹೇಳುವವರು ತುಂಬಾ ಜನ. ಅವು ಹುಟ್ಟುವ ಹೊತ್ತಿಗೆ ಇದಕ್ಕೆ ವಯಸ್ಸಾಗಿತ್ತು, ಹೆಸರು ಒಂದೇ ಅಷ್ಟೇ. 1942ರ ಜನವರಿ 11ರಂದು ರೈಲಿನ ಬಿಡಿಭಾಗ, ರಬ್ಬರ್ ತುಂಬಿಕೊಂಡು ಆಸ್ಟ್ರೇಲಿಯಾದಿಂದ ಫಿಲಿಪೀನ್ಸ್‌ಗೆ ಹೊರಟಿದ್ದಾಗ ಬಾಲಿಯ ಪಕ್ಕದ ಲೊಂಬೊಕ್ ದ್ವೀಪದ ಹತ್ತಿರ ಜಪಾನಿನ ಐ-66 (ಆಮೇಲಿನ ಹೆಸರು ಐ-166) ಅನ್ನುವ ಜಲಾಂತರ್ಗಾಮಿ ಟಾರ್ಪೆಡೊ ಹೊಡೆಯಿತು. ಹಡಗು ಕೂಡಲೇ ಮುಳುಗಲಿಲ್ಲ. ಅಮೆರಿಕದ್ದೊಂದು, ಡಚ್ಚರದ್ದೊಂದು ಯುದ್ಧನೌಕೆ ಸೇರಿ ಇದನ್ನು ಬಾಲಿಯ ಉತ್ತರ ದಡದ ಸಿಂಗರಾಜ ಬಂದರಿಗೆ ಎಳೆದುಕೊಂಡು ಹೊರಟವು. ದಾರಿಯುದ್ದಕ್ಕೂ ನೀರು ತುಂಬುತ್ತಲೇ ಇತ್ತು. ಇನ್ನು ಆಗುವುದಿಲ್ಲ ಅಂತ ಗೊತ್ತಾದಾಗ ತುಲಂಬೆನ್ ದಡಕ್ಕೆ ತಂದು ನೆಲಕ್ಕೆ ಹತ್ತಿಸಿದರು, ಸರಕು ಇಳಿಸಿಕೊಂಡರು, ಹಡಗನ್ನು ಬಿಟ್ಟು ಹೋದರು.

ಹಡಗು ಅಲ್ಲೇ ಉಳಿಯಿತು. 21 ವರ್ಷ. ಯುದ್ಧ ಮುಗಿಯಿತು, ದೇಶಕ್ಕೆ ಸ್ವಾತಂತ್ರ್ಯ ಬಂತು, ದಡದ ಮೇಲೆ ಇದು ತುಕ್ಕು ಹಿಡಿಯುತ್ತಾ ಬಿದ್ದಿತ್ತು. 1963ರಲ್ಲಿ ಪಕ್ಕದಲ್ಲೇ ಇರುವ ಅಗುಂಗ್ ಜ್ವಾಲಾಮುಖಿ ಸಿಡಿಯಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಗಿನ ಭೂಮಿಯ ನಡುಕಕ್ಕೆ ಹಡಗು ದಡದಿಂದ ಜಾರಿ ನೀರಿಗಿಳಿದು, ಕೆರೆಯಲ್ಲಿ ಎಮ್ಮೆ ಮಲಗಿದ ಹಾಗೆ ಒಂದು ಮಗ್ಗುಲಿಗೆ ಮಲಗಿತು. ಸಮುದ್ರದಲ್ಲಿ ಹೋಗಬೇಕಿದ್ದನ್ನು ಮನುಷ್ಯರು ದಡಕ್ಕೆ ಎಳೆದು ತಂದರು, ದಡದಲ್ಲಿದ್ದದ್ದನ್ನು ಬೆಟ್ಟ ವಾಪಸ್ ನೂಕಿತು. ಈ ಕಥೆಯನ್ನು ನಾನು ಹೋಗೋ ಮುಂಚೆ ಹತ್ತು ಸಲ ಓದಿಕೊಂಡಿದ್ದೆ. ನೀರಿನೊಳಗೆ ಅದರಲ್ಲಿ ಒಂದಕ್ಷರವೂ ನೆನಪಾಗಲಿಲ್ಲ.

ಮೊದಲ ತೊಂದರೆ ನೀರಿಗೆ ಇಳಿಯುವುದೇ. ಆ ದಡದಲ್ಲಿ ಮರಳಿಲ್ಲ, ಮುಷ್ಟಿಯಷ್ಟು, ತಲೆಯಷ್ಟು ದಪ್ಪದ ನುಣುಪಾದ ಕಪ್ಪು ಕಲ್ಲುಗಳು. ಅಲ್ಲಿನ ಹೆಂಗಸರು ಸಿಲಿಂಡರ್ ತಲೆ ಮೇಲೆ ಇಟ್ಟುಕೊಂಡು, ಕಾಲಿಗೆ ಬರೀ ಚಪ್ಪಲಿ ಹಾಕಿಕೊಂಡು, ಆ ಕಲ್ಲುಗಳ ಮೇಲೆ ಮಾತಾಡುತ್ತಾ ನಡೆದು ಹೋಗುತ್ತಾರೆ. ನಾನು ಒಂದು ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಎರಡು ಸಲ ಕೂತೆ. ಅಲೆ ಬಂದಾಗ ಕಲ್ಲುಗಳು ಒಂದಕ್ಕೊಂದು ಉಜ್ಜಿ ಗೊರಗೊರ ಸದ್ದು ಮಾಡುತ್ತವೆ. ಆ ಸದ್ದು ನೀರಿನೊಳಗೂ ಕೇಳುತ್ತದೆ, ಆದರೆ ಯಾವ ಕಡೆಯಿಂದ ಬರುತ್ತಿದೆ ಅಂತ ತಿಳಿಯುವುದಿಲ್ಲ. ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟು ಜೋರಾಗಿ ಓಡುತ್ತದೆ, ಎರಡೂ ಕಿವಿಗೆ ಹೆಚ್ಚುಕಡಿಮೆ ಒಟ್ಟಿಗೇ ತಲುಪುತ್ತದೆ. ಎಲ್ಲವೂ ತಲೆಯೊಳಗೇ ಕೇಳಿಸಿದ ಹಾಗೆ ಇರುತ್ತದೆ.

ಡೈವಿಂಗ್‌ನಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಬಡ್ಡಿ ಇರಬೇಕು. ಸಾಲದ ಬಡ್ಡಿ ಅಲ್ಲ, ಜೊತೆಗಾರ. ನನಗೆ ಗೈಡ್ ಅವರೇ ಬಡ್ಡಿ. ಐವತ್ತರ ಆಸುಪಾಸಿನ, ಮಾತು ಕಡಿಮೆ ಇರುವ ಮನುಷ್ಯ. ಇಳಿಯೋ ಮುಂಚೆ ನಾನು ಗ್ಲೌಸ್ ಕೇಳಿದೆ, ತುಕ್ಕು ಕಬ್ಬಿಣ ಅಲ್ವಾ, ಕೈ ಕುಯ್ದೀತು ಅಂತ. ಅವರು ಕೊಡಲಿಲ್ಲ. "ಗ್ಲೌಸ್ ಹಾಕಿಕೊಂಡರೆ ಮುಟ್ಟೋಣ ಅನಿಸುತ್ತದೆ. ಮುಟ್ಟಬೇಡಿ, ಅಷ್ಟೇ" ಅಂದರು.

ಸರಿ, ಮೊದಲ ಡೈವ್. ಹೊಸಬನೊಬ್ಬ ನೀರಿನೊಳಗೆ ಏನು ಮಾಡುತ್ತಿರುತ್ತಾನೆ ಅಂತ ಹೇಳಿದರೆ ಹಡಗು ಯಾಕೆ ಕಾಣಲಿಲ್ಲ ಅಂತ ಅರ್ಥವಾಗಬಹುದು. ಇಳಿಯುವಾಗ ಒಂದೊಂದು ಮೀಟರ್‌ಗೂ ಮೂಗು ಹಿಡಿದು ಊದಿ ಕಿವಿ ಬಿಡಿಸಿಕೊಳ್ಳಬೇಕು. ಮರೆತರೆ ಕಿವಿಯೊಳಗೆ ಸೂಜಿ ಚುಚ್ಚಿದ ಹಾಗಾಗುತ್ತದೆ. ಮಾಸ್ಕ್ ಮುಖಕ್ಕೆ ಒತ್ತಿಕೊಂಡರೆ ಮೂಗಿನಿಂದ ಸ್ವಲ್ಪ ಗಾಳಿ ಬಿಡಬೇಕು. ಆಳ ಹೋದ ಹಾಗೆ ವೆಟ್‌ಸೂಟ್‌ನ ರಬ್ಬರ್ ಕುಗ್ಗಿ ಮೈ ಭಾರವಾಗುತ್ತದೆ, ಆಗ ಬಿಸಿಡಿ ಅನ್ನುವ ಜಾಕೆಟ್‌ಗೆ ಚೂರು ಗಾಳಿ ತುಂಬಬೇಕು. ಜಾಸ್ತಿ ತುಂಬಿದರೆ ಬಲೂನಿನ ಹಾಗೆ ಮೇಲೆ ಹೊರಡುತ್ತೀರಿ, ತೆಗೆದರೆ ಕಲ್ಲಿನ ಹಾಗೆ ಕೆಳಗೆ. ಮತ್ತೆ ಎಲ್ಲಕ್ಕಿಂತ ದೊಡ್ಡ ನಿಯಮ, ಉಸಿರು ಹಿಡಿಯಬಾರದು. ಒತ್ತಡದ ಗಾಳಿ ತುಂಬಿದ ಶ್ವಾಸಕೋಶ ಹಿಡಿದುಕೊಂಡು ಮೇಲೆ ಬಂದರೆ ಒಳಗಿನ ಗಾಳಿ ಹಿಗ್ಗಿ ಅದು ಹರಿದೇ ಹೋಗಬಹುದು. ಮನುಷ್ಯನಿಗೆ ಭಯವಾದರೆ ತಾನಾಗೇ ಮಾಡುವ ಮೊದಲ ಕೆಲಸ ಯಾವುದು? ಉಸಿರು ಹಿಡಿಯುವುದು. ಅದನ್ನೇ ಮಾಡಬಾರದಂತೆ.

ಇಷ್ಟೆಲ್ಲದರ ನಡುವೆ ನಾನು ಗೇಜ್ ನೋಡುತ್ತಿದ್ದೆ. ಅರ್ಧ ನಿಮಿಷಕ್ಕೊಮ್ಮೆ. ಹೊರಟಾಗ ಸಿಲಿಂಡರಿನಲ್ಲಿ 200 ಬಾರ್ (ಗಾಳಿಯ ಒತ್ತಡದ ಅಳತೆ) ಇತ್ತು, 50 ಉಳಿದಿರುವಾಗಲೇ ಮೇಲೆ ಬಂದಿರಬೇಕು, ಅಂದರೆ ಖರ್ಚಿಗೆ ಸಿಗುವುದು 150. ಹತ್ತು ಮೀಟರ್ ಆಳದಲ್ಲಿ ಒತ್ತಡ ದಡಕ್ಕಿಂತ ಎರಡು ಪಟ್ಟು, ಹಾಗಾಗಿ ಅದೇ ಒಂದು ಉಸಿರಿಗೆ ಅಲ್ಲಿ ಎರಡು ಪಟ್ಟು ಗಾಳಿ ಬೇಕು. 20 ಮೀಟರ್‌ಗೆ ಮೂರು ಪಟ್ಟು. ಲೆಕ್ಕ ನನಗೆ ಗೊತ್ತಿತ್ತು. ಗೊತ್ತಿದ್ದದ್ದೇ ತಪ್ಪಾಯಿತು. ಗಾಳಿ ಖಾಲಿಯಾಗುತ್ತಿದೆ ಅಂತ ಗಾಬರಿ, ಗಾಬರಿಗೆ ಜೋರು ಉಸಿರು, ಜೋರು ಉಸಿರಿಗೆ ಇನ್ನೂ ಬೇಗ ಖಾಲಿ. ಬಡ್ಡಿಗೆ ಬಡ್ಡಿ ಬೆಳೆಯೋದು ಅಂದರೆ ಇದೇ ನೋಡಿ. 28ನೇ ನಿಮಿಷಕ್ಕೆ ನಾನು ದಡದಲ್ಲಿದ್ದೆ, ಸಿಲಿಂಡರ್ ಕೇವಲ 50 ತೋರಿಸುತ್ತಿತ್ತು, ಗೈಡ್ ಅವರದ್ದರಲ್ಲಿ ಇನ್ನೂ 130 ಇತ್ತು. ಅವರು ಏನೂ ಅನ್ನಲಿಲ್ಲ. ಪ್ರತಿ ಡೈವ್‌ನ ವಿವರ ಬರೆದಿಡುವ ನನ್ನ ಲಾಗ್‌ಬುಕ್ಕಿಗೆ ಸಹಿ ಹಾಕಿದರು. ಅದರಲ್ಲಿ ಆ ದಿನ ನಾನು ಬರೆದಿದ್ದು ಇಷ್ಟೇ: "28 ನಿಮಿಷ. ಕಪ್ಪು ಮರಳು. ದೊಡ್ಡ ಗೋಡೆ."

ಮಾರನೇ ದಿನ ಇಳಿಯೋ ಮುಂಚೆ ಅವರು ಒಂದೇ ಮಾತು ಹೇಳಿದರು. "ಇವತ್ತು ನೀವು ಗೇಜ್ ನೋಡಬೇಡಿ. ನಾನು ಕೇಳಿದಾಗ ಮಾತ್ರ ನೋಡಿ ತೋರಿಸಿ. ಉಸಿರು ಬಿಡೋದು ಮಾತ್ರ ಎಣಿಸಿ." ನಿಯಮದ ಪ್ರಕಾರ ನಮ್ಮ ಗೇಜ್ ನಾವೇ ನೋಡಿಕೊಳ್ಳಬೇಕು, ಈ ಸಲಹೆಯನ್ನು ಯಾರೂ ಪುಸ್ತಕದಲ್ಲಿ ಬರೆಯುವುದಿಲ್ಲ. ಆದರೆ ಅವರು ಪ್ರತಿ ಮೂರು ನಾಲ್ಕು ನಿಮಿಷಕ್ಕೊಮ್ಮೆ ತಪ್ಪದೆ ಕೇಳಿದರು, ನಾನು ಬೆರಳಲ್ಲಿ ಲೆಕ್ಕ ತೋರಿಸಿದೆ. ಉಳಿದ ಹೊತ್ತು ಎಣಿಸಿದೆ. ಒಳಗೆ ಎಳೆಯುವಾಗ ನಾಲ್ಕು, ಬಿಡುವಾಗ ಏಳು, ಎಂಟು.

ಆಗ ಒಂದು ವಿಷಯ ಗಮನಕ್ಕೆ ಬಂತು. ಉಸಿರು ಎಳೆದರೆ ಮೈ ಒಂದು ಗೇಣು ಮೇಲೇಳುತ್ತದೆ, ಬಿಟ್ಟರೆ ಇಳಿಯುತ್ತದೆ. ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು, ಈಜುಕೊಳದಲ್ಲಿ ಮಾಡಿಯೂ ಇದ್ದೆ. ಆದರೆ ಇಲ್ಲಿ ಮುಂದೆ ಒಂದು ಕಬ್ಬಿಣದ ತೊಲೆ ಅಡ್ಡ ಬಂದಿತ್ತು, ಹವಳ ಮೆತ್ತಿಕೊಂಡು ತೊಡೆಯಷ್ಟು ದಪ್ಪವಾಗಿದ್ದ ತೊಲೆ. ಕೈ ಆಡಿಸದೆ, ಕಾಲು ಬಡಿಯದೆ, ಸುಮ್ನೆ ಉಸಿರು ಎಳೆದೆ. ಅದರ ಮೇಲೆ ತೇಲಿ ದಾಟಿದೆ. ಬಿಟ್ಟೆ. ಆ ಕಡೆ ಇಳಿದೆ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಖುಷಿಯಾಗಿದ್ದು ನನಗೆ ನೆನಪಿಲ್ಲ.

ಖುಷಿಯಲ್ಲಿ ಮೈಮರೆತೆ. ಮುಂದೆ ಹಿಂಬದಿಯ ಫಿರಂಗಿ ಇದೆ ಅಂತ ಗೈಡ್ ಕೈ ತೋರಿಸಿದರು. ಫಿರಂಗಿಯೋ ಹವಳದ ಕೊಂಬೆಯೋ ಅಂತ ನೋಡಲು ಹತ್ತಿರ ಹೋದವನು, ನಿಲ್ಲಲು ಬಾರದೆ ಪಕ್ಕದ ಕಬ್ಬಿಣದ ತಗಡನ್ನು ಹಿಡಿದುಕೊಂಡುಬಿಟ್ಟೆ. ನೋವೇನೂ ಆಗಲಿಲ್ಲ. ತೋರುಬೆರಳಿನಿಂದ ಹೊಗೆಯ ಹಾಗೆ ಏನೋ ಎದ್ದಿತು, ಕಡು ಹಸಿರು ಬಣ್ಣದ್ದು. ಇದೇನು ಪಾಚಿಯಾ ಅಂತ ನೋಡುತ್ತಿದ್ದೆ, ಮತ್ತೂ ಬಂತು. ರಕ್ತ ಅದು. ನನ್ನದೇ. ನೀರು ಸೂರ್ಯನ ಬೆಳಕಿನಿಂದ ಕೆಂಪನ್ನು ಎಲ್ಲಕ್ಕಿಂತ ಮೊದಲು ನುಂಗಿಹಾಕುತ್ತದೆ, ಕೆಲವೇ ಮೀಟರ್‌ಗಳಲ್ಲಿ ಕೆಂಪು ಮಂಕಾಗುತ್ತದೆ, ಇನ್ನೂ ಕೆಳಗೆ ಹೋದರೆ ರಕ್ತವೂ ಹಸಿರೇ. ಓದಿದ್ದೆ. ನನ್ನ ಬೆರಳಿನಿಂದ ಬರುವಾಗ ಮಾತ್ರ ಬೇರೆ ಯಾರದ್ದೋ ಅನ್ನಿಸಿತು.

ಗೈಡ್ ನನ್ನ ಮಣಿಕಟ್ಟು ಹಿಡಿದು ನಿಧಾನ ಈಚೆ ತಂದರು. ಗಾಯಕ್ಕೆ ಅಂದುಕೊಂಡೆ. ಅವರು ಗಾಯದ ಕಡೆ ನೋಡುತ್ತಲೇ ಇರಲಿಲ್ಲ. ನಾನು ಹಿಡಿದಿದ್ದ ಜಾಗದಿಂದ ಒಂದು ಗೇಣು ದೂರದಲ್ಲಿದ್ದ ಕಲ್ಲಿನ ಮೇಲೆ ಟಾರ್ಚ್ ಬಿಟ್ಟರು. ಬೂದು ಕಲ್ಲು ತಟ್ಟನೆ ಕೆಂಪು, ಕಂದು, ಗುಲಾಬಿಯಾಯಿತು. ಆ ಕಲ್ಲಿಗೆ ಒಂದು ಕಣ್ಣಿತ್ತು. ಬಾಯಿ ಮೂಲೆ ಕೆಳಕ್ಕೆ ಬಾಗಿ, ಮುಖದ ತುಂಬ ಗಡ್ಡದ ಹಾಗೆ ತೊಗಲಿನ ಎಳೆಗಳು. ಸ್ಕಾರ್ಪಿಯನ್ ಫಿಶ್. ಬೆನ್ನಿನ ಮುಳ್ಳಲ್ಲಿ ವಿಷ. ಅದು ಓಡಲಿಲ್ಲ, ಬೆದರಲಿಲ್ಲ. ಓಡದೆ ಇರುವುದೇ ಅದರ ಕಸುಬು. ಗ್ಲೌಸ್ ಕೇಳಿದ್ದು ನೆನಪಾಗಿ ನಾಚಿಕೆಯಾಯಿತು. ಗಾಯ ಸಣ್ಣದೇ, ದಡದಲ್ಲಿ ತೊಳೆದು ಟಿಟಿ ಇಂಜೆಕ್ಷನ್ ಹಾಕಿಸಿಕೊಂಡೆ, ಅಲ್ಲಿಗೆ ಮುಗಿಯಿತು.

ಅದೇ ಡೈವ್‌ನಲ್ಲಿ ಇನ್ನೊಂದು ಜಾಗ. ಸರಕು ತುಂಬುತ್ತಿದ್ದ ಕೋಣೆಯ ಬಾಯಿ. ಹಡಗು ಮಗ್ಗುಲಾಗಿರುವುದರಿಂದ ಆ ಬಾಯಿ ಈಗ ಗುಹೆಯ ಬಾಗಿಲಿನಂತೆ ಎದುರಿಗೆ ತೆರೆದುಕೊಂಡಿದೆ. ಒಳಗೆ ಕತ್ತಲೆ, ಆಚೆ ತುದಿಯಲ್ಲಿ ನೀಲಿ ಬೆಳಕು, ನಡುವೆ ಸಾವಿರಾರು ಗಾಜಿನಂಥ ಮೀನಿನ ಮರಿಗಳು ಪರದೆಯ ಹಾಗೆ ತೂಗಾಡುತ್ತಿದ್ದವು. ಹತ್ತು ಸಲ ಕಾಲು ಬಡಿದರೆ ಆಚೆ. ನಾನು ಗೈಡ್ ಮುಖ ನೋಡಿದೆ. ಅವರು ತೋರುಬೆರಳು ಆಡಿಸಿದರು. ಮಕ್ಕಳಿಗೆ ಆಡಿಸುತ್ತಾರಲ್ಲ, ಹಾಗೆ.

ಆಮೇಲೆ ದಡದಲ್ಲಿ ವಾದ ಮಾಡಿದೆ. ಬೇರೆಯವರನ್ನೆಲ್ಲ ಕರೆದುಕೊಂಡು ಹೋಗ್ತೀರಿ, ಆಚೆ ಬೆಳಕು ಕಾಣ್ತಿದೆ, ನನ್ನನ್ನು ಯಾಕಿಲ್ಲ ಅಂತ. ಅವರು ತಾಳ್ಮೆಯಿಂದ ಹೇಳಿದರು. ತೆರೆದ ನೀರಿನಲ್ಲಿ ಏನೇ ತೊಂದರೆಯಾದರೂ ದಾರಿ ಒಂದಿದೆ, ನೆಟ್ಟಗೆ ಮೇಲಕ್ಕೆ. ತಲೆಯ ಮೇಲೆ ಕಬ್ಬಿಣ ಬಂದ ಕೂಡಲೇ ಆ ದಾರಿ ಇಲ್ಲ. ಒಳಗೆ ನೆಲದ ಮೇಲೆ ಹಿಟ್ಟಿನಂಥ ಕೆಸರು ಕೂತಿರುತ್ತದೆ, ಹೊಸಬ ಒಂದು ಸಲ ಫಿನ್ ಬಡಿದರೆ ಸಾಕು, ಕೈ ಮುಂದೆ ಚಾಚಿದರೆ ಕೈ ಕಾಣುವುದಿಲ್ಲ. ಬಿಟ್ಟ ಉಸಿರಿನ ಗುಳ್ಳೆಗಳು ಮೇಲಿನ ತಗಡಿಗೆ ಬಡಿದು ತುಕ್ಕು ಉದುರಿಸುತ್ತವೆ. ಹಡಗಿನೊಳಗೆ ಹೋಗುವುದಕ್ಕೆ ತರಬೇತಿ ಪಡೆದವರು ಹಿಂದಿರುಗುವ ದಾರಿಗೆ ದಾರ ಬಿಟ್ಟುಕೊಂಡು ಹೋಗುತ್ತಾರೆ, ಗಾಳಿಯ ಮೂರನೇ ಒಂದು ಭಾಗ ಹೋಗೋಕೆ, ಮೂರನೇ ಒಂದು ಬರೋಕೆ, ಉಳಿದದ್ದು ಮುಟ್ಟುವ ಹಾಗಿಲ್ಲ. ಕೊನೆಗೆ ನನ್ನ ಬ್ಯಾಂಡೇಜ್ ಕಡೆ ನೋಡಿ, "ಹೊರಗೇ ನಿಲ್ಲೋಕೆ ಆಗಲಿಲ್ಲ ನಿಮಗೆ" ಅಂದರು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಳಗೆ ಬಿಡದಿದ್ದರೂ ಅವರು ಒಂದು ತೋರಿಸಿದ್ದರು. ಹಡಗಿನ ಅಂಚಿನಿಂದ ಹೊರಚಾಚಿದ ತಗಡೊಂದರ ಕೆಳಗೆ, ಹೊರಗಿನಿಂದಲೇ ಕತ್ತು ಎತ್ತಿ ನೋಡಿದರೆ, ಡೈವರ್‌ಗಳು ಬಿಟ್ಟ ಉಸಿರೆಲ್ಲ ಸಿಕ್ಕಿಹಾಕಿಕೊಂಡು ಅಂಗೈಯಗಲ ಕನ್ನಡಿಯಾಗಿ ನಿಂತಿತ್ತು. ಪಾದರಸ ಚೆಲ್ಲಿದ ಹಾಗೆ ಅಲುಗುತ್ತಿತ್ತು. ಅದರಲ್ಲಿ ನನ್ನ ಮಾಸ್ಕ್ ಕಂಡಿತು. ನೋಡುತ್ತಿರುವಾಗಲೇ ತಗಡಿನ ಒಂದು ತೂತಿನಿಂದ ಗುಳ್ಳೆ ಸೋರಿ ಮೇಲೆ ಹೋಯಿತು, ಜರಡಿಯಿಂದ ಹಿಟ್ಟು ಉದುರುವುದನ್ನು ತಲೆಕೆಳಗು ಮಾಡಿ ನೋಡಿದ ಹಾಗೆ. ಚೆಂದವೇ. ಆದರೆ ಹೀಗೆ ನಿಂತ ಗಾಳಿ ಕಬ್ಬಿಣಕ್ಕೆ ಇನ್ನಷ್ಟು ತುಕ್ಕು ಹಿಡಿಸುತ್ತದಂತೆ. ಅಂದರೆ ಹಡಗು ನೋಡೋಕೆ ಬಂದವರ ಉಸಿರೂ ಹಡಗನ್ನು ತಿನ್ನುತ್ತಿದೆ. ನನ್ನದೂ ಸೇರಿ, ಅದೂ ಬೇರೆಯವರಿಗಿಂತ ಜಾಸ್ತಿ.

ತಿನ್ನುವುದರ ಜೊತೆಗೆ ಇನ್ನೊಂದೂ ನಡೆಯುತ್ತಿದೆ. ಆ ದಡದ ತಳವೆಲ್ಲ ಜ್ವಾಲಾಮುಖಿಯ ಕಪ್ಪು ಮರಳು. ಹವಳದ ಮರಿ ಸಡಿಲ ಮರಳಿನಲ್ಲಿ ನೆಲೆ ಊರುವುದಿಲ್ಲ, ಅದಕ್ಕೆ ಕದಲದ ಗಟ್ಟಿ ಜಾಗ ಬೇಕು. 1963ರಲ್ಲಿ ನೂರಿಪ್ಪತ್ತು ಮೀಟರ್ ಉದ್ದದ ಗಟ್ಟಿ ಜಾಗ ತಾನಾಗೇ ಬಂದು ಬಿತ್ತು. ಅವತ್ತಿನಿಂದ ಅರವತ್ತು ಚಿಲ್ಲರೆ ವರ್ಷ ಹವಳ ಕಬ್ಬಿಣದ ಮೇಲೆ ಬೆಳೆಯುತ್ತಿದೆ, ಕಬ್ಬಿಣ ಅದರ ಅಡಿಯಲ್ಲಿ ಕರಗುತ್ತಿದೆ. ಹಡಗಿನ ಎಷ್ಟೋ ಕಡೆ ಈಗ ಯಾವುದು ಯಾವುದನ್ನು ಎತ್ತಿ ಹಿಡಿದಿದೆ ಅಂತ ಹೇಳುವುದು ಕಷ್ಟ. ನನ್ನಂಥವನಿಗೆ ಹಡಗು ಕಾಣದೆ ಹೋಗಿದ್ದಕ್ಕೆ ಇದೂ ಒಂದು ಕಾರಣ ಅಂತ ಸಮಾಧಾನ ಮಾಡಿಕೊಂಡಿದ್ದೇನೆ. ಸಿನಿಮಾದಲ್ಲಿ ಮುಳುಗಿದ ಹಡಗು ಅಂದರೆ ನೆಟ್ಟಗೆ ಕೂತಿರುತ್ತದೆ, ಪಟಸ್ತಂಭ ಇರುತ್ತದೆ, ಮೆಟ್ಟಿಲು, ಚಕ್ರ ಎಲ್ಲ ಇರುತ್ತದೆ. ಇಲ್ಲಿ ಗೋಡೆಯೇ ನೆಲ, ನೆಲವೇ ಗೋಡೆ, ಎರಡಕ್ಕೂ ಹೂವಿನಂಥ ಚರ್ಮ.

ಮೂರನೇ ಡೈವ್ ಬೆಳಗಿನ ಜಾವ. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಅಷ್ಟು ಬೇಗ ಏಳುವುದಕ್ಕೆ ಕಾರಣ ಬಂಪ್‌ಹೆಡ್ ಪ್ಯಾರಟ್ ಫಿಶ್. ಹಣೆಯಲ್ಲಿ ದೊಡ್ಡ ಉಬ್ಬು, ಗಿಳಿಯ ಕೊಕ್ಕಿನಂಥ ಹಲ್ಲು, ಬೆಳೆದರೆ ಒಂದು ಮೀಟರ್‌ಗೂ ಮೀರಿದ ಉದ್ದ. ರಾತ್ರಿ ಹಡಗಿನಲ್ಲಿ ಮಲಗಿ, ಬೆಳಕು ಹರಿಯುತ್ತಿದ್ದಂತೆ ಗುಂಪಾಗಿ ಹೊರಡುತ್ತವೆ. ನಾವು ಇಳಿದು ಸ್ವಲ್ಪ ಹೊತ್ತಿಗೆ ಕಟಕಟ ಸದ್ದು ಕೇಳಿತು. ಎಲ್ಲಿಂದ ಅಂತ ತಿಳಿಯಲಿಲ್ಲ, ತಲೆಯೊಳಗೇ ಕೇಳಿತು. ಹವಳ ಕಚ್ಚಿ ಮುರಿದು ತಿನ್ನುವ ಸದ್ದು. ಆಮೇಲೆ ಮಬ್ಬಿನಿಂದ ಒಂದು, ಎರಡು, ಹತ್ತು, ಆ ದಪ್ಪ ಹಣೆಗಳು ಬಂದವು. ಆಫೀಸಿಗೆ ಹೊರಟವರ ಹಾಗೆ ನಮ್ಮ ಕಡೆ ನೋಡದೆ ದಾಟಿ ಹೋದವು. ತಿಂದ ಹವಳವನ್ನು ಅರೆದು ಹಿಂದಿನಿಂದ ಬಿಳಿ ಮರಳಾಗಿ ಬಿಡುತ್ತಾ ಹೋದವು, ಆ ಕಪ್ಪು ಮರಳಿನ ಮೇಲೆ.

ಅವು ಹೋದ ದಿಕ್ಕಿಗೇ ಸ್ವಲ್ಪ ದೂರ ಹೋಗಿ, ಹಡಗಿನಿಂದ ಬೇರ್ಪಟ್ಟು ಮರಳಿನ ಮೇಲೆ ನಿಂತೆವು. ನಿಂತೆವು ಅಂದರೆ ತೇಲಿದೆವು, ಏನನ್ನೂ ಹಿಡಿಯದೆ. ಕೆಳಗೆ ಮರಳಿನಿಂದ ಗಾರ್ಡನ್ ಈಲ್ ಅನ್ನುವ ಹಾವಿನಂಥ ಮೀನುಗಳು, ಗದ್ದೆಯಲ್ಲಿ ಪೈರು ನಿಂತ ಹಾಗೆ, ಒಂದೇ ಕಡೆಗೆ ಬಾಗಿ ತೂಗುತ್ತಿದ್ದವು. ನಾವು ಬಂದದ್ದೇ ತಡ ಎಲ್ಲವೂ ಸರಕ್ ಅಂತ ಒಳಗೆ. ಬರೀ ಮರಳು. ಗೈಡ್ ಕೈಯಲ್ಲಿ ಕಾಯಿರಿ ಅಂದರು. ಎಣಿಸಿದೆ. ನಾಲ್ಕು, ಎಂಟು. ನಾಲ್ಕು, ಎಂಟು. ಎಷ್ಟು ಹೊತ್ತಾಯಿತೋ, ದೂರದಲ್ಲಿ ಒಂದು ತಲೆ ಹೊರಗೆ ಬಂತು, ಬೆಂಕಿಕಡ್ಡಿಯಷ್ಟು. ಆಮೇಲೆ ಇನ್ನೊಂದು. ಆಮೇಲೆ ಹತ್ತಿರದವೂ.

ಅವನ್ನು ನೋಡುತ್ತಾ ಮೆಲ್ಲಗೆ ತಿರುಗಿದೆ. ಹಡಗು ಅಲ್ಲಿತ್ತು.

ಒಟ್ಟಿಗೆ, ಇಡಿಯಾಗಿ, ಒಂದು ತುದಿಯಿಂದ ಬಲಗಡೆ ನೀಲಿಯಲ್ಲಿ ಕರಗಿಹೋಗುವವರೆಗೂ. ಮೇಲಿನಿಂದ ಬೆಳಗಿನ ಬೆಳಕು ಇಳಿಯಲು ಶುರುವಾಗಿತ್ತು. ನಿನ್ನೆ ದಾಟಿದ ತೊಲೆ ಎಲ್ಲಿದೆ, ಬೆರಳು ಕುಯ್ದ ತಗಡು ಯಾವುದು, ಆ ಕತ್ತಲೆ ಬಾಗಿಲು ಎಲ್ಲಿ, ಎಲ್ಲವೂ ಒಂದೇ ನೋಟಕ್ಕೆ ಕೂಡಿಕೊಂಡವು. ಮೊದಲ ದಿನದ ಗೋಡೆ ಅದರ ತಳ. ನೀರಿನಲ್ಲಿ ಮುಳುಗಿರಬೇಕಾದ ಭಾಗವನ್ನೇ ನಾನು ಅವತ್ತು ಮುಖಕ್ಕೆ ಮುಖ ಕೊಟ್ಟು ನೋಡುತ್ತಿದ್ದೆ. ಗೈಡ್ ಗೇಜ್ ಕೇಳಿದರು. 110. ಅವರ ಹುಬ್ಬು ಮಾಸ್ಕ್ ಒಳಗೆ ಸ್ವಲ್ಪ ಮೇಲೇರಿತು. ಖುಷಿಗೆ ನಾನು ಹೆಬ್ಬೆರಳು ಎತ್ತಿ ತೋರಿಸಿದೆ. ಡೈವಿಂಗ್‌ನಲ್ಲಿ ಅದರ ಅರ್ಥ 'ಸೂಪರ್' ಅಲ್ಲ, 'ಮೇಲೆ ಹೋಗೋಣ' ಅಂತ. ಅವರು ಹೊರಡಲು ತಿರುಗಿದಾಗ ಗಡಿಬಿಡಿಯಲ್ಲಿ ಇಲ್ಲ ಇಲ್ಲ ಅಂತ ಕೈ ಆಡಿಸಿದೆ, ಈಲ್‌ಗಳೆಲ್ಲ ಮತ್ತೆ ಒಳಗೆ ಹೋದವು.

ಕೊನೆಗೆ 5 ಮೀಟರ್‌ನಲ್ಲಿ ಮೂರು ನಿಮಿಷ ನಿಂತು ಮೇಲೆ ಬಂದಾಗ 41 ನಿಮಿಷವಾಗಿತ್ತು. ದಡದ ಕಲ್ಲಿನ ಮೇಲೆ ಕೂತು, ಒದ್ದೆ ಕೈಯಲ್ಲೇ ಲಾಗ್‌ಬುಕ್ ತೆಗೆದು ಹಡಗಿನ ಚಿತ್ರ ಬರೆದೆ. ಮುಂಭಾಗ, ಹಿಂಭಾಗ, ಫಿರಂಗಿ, ಸರಕಿನ ಕೋಣೆ. 18 ಮೀಟರ್‌ಗಿಂತ ಕೆಳಗಿನದನ್ನು ನೋಡಿರಲಿಲ್ಲ, ಅಲ್ಲಿ ಚುಕ್ಕೆ ಇಟ್ಟು ಬಿಟ್ಟೆ. ಸಹಿಗೆ ಅಂತ ಗೈಡ್ ಕೈಗೆ ಕೊಟ್ಟೆ. ಅವರು ತುಂಬಾ ಹೊತ್ತು ನೋಡಿದರು. ನಾನು ಹಡಗನ್ನು ಬಂದರಿನಲ್ಲಿ ನಿಂತ ಹಡಗಿನ ಹಾಗೆ ನೆಟ್ಟಗೆ ಬರೆದಿದ್ದೆ.

ಅವರು ಸಹಿ ಹಾಕಿ, ಪುಸ್ತಕವನ್ನು ಅಡ್ಡಕ್ಕೆ ತಿರುಗಿಸಿ ವಾಪಸ್ ಕೊಟ್ಟರು.